ಒದ್ದೆ ಮರಳು

ಜೋಗರಾಮ ಸೊಸೆಯ ಗಂಟನ್ನು ಅಂಗಳದ ನಡುವೆ ಎಸೆದ. ಗಂಟು ಸಡಿಲಾಗಿ ಕೆಂಪು ಲಂಗದ ಅಂಚೊಂದು ಮಣ್ಣಿಗೆ ಬಿತ್ತು. ಅವನ ಹಿಂದೆ ನಿಂತಿದ್ದ ಹಂಜಾ ಅದನ್ನು ಎತ್ತಿಕೊಳ್ಳಲಿಲ್ಲ.

"ತಗೊಳ್ಳಿ ಬೀಗರೇ, ನಿಮ್ಮ ಮಗಳು. ತಿರುಗಿಸಿ ಮುರುಗಿಸಿ ನೋಡ್ಕೊಳ್ಳಿ, ಎಲ್ಲೂ ಸವೆದಿಲ್ಲ. ಈಗ ನನ್ನ ಮಗಳನ್ನ ಹೊರಗೆ ಕಳಿಸಿ."

ವಗತಾರಾಮ ಹಗ್ಗದ ಮಂಚದಿಂದ ಏಳಲಿಲ್ಲ. ಬೀಗರು ಬಂದರೆ ಎದ್ದು ತಬ್ಬಿಕೊಳ್ಳುವುದು ರೀತಿ. ಅವನು ಕಾಲ ಮೇಲೆ ಕಾಲು ಹಾಕಿದ.

"ಕೂತು ಮಾತಾಡಿ. ಬಿಸಿಲಲ್ಲಿ ಬಂದಿದ್ದೀರಿ, ತಲೆ ಕಾದೈತೆ."

"ನನ್ನ ತಲೆ ಕಾಯಿಸಿರೋದು ಬಿಸಿಲಲ್ಲ, ನಿಮ್ಮ ಗಂಡೊಂಟೆ ಲಾಖೀಣ. ಅವನು ನನ್ನ ಹಿಂಡಿಗೆ ಕಾಲಿಟ್ಟ ಮೇಲೆ ಎರಡು ಹೆಣ್ಣೊಂಟೆ ಕಂದು ಹಾಕಿದವು. ಒಂದು ಮಲಗಿದ್ದು ಎದ್ದೇ ಇಲ್ಲ. ತಿಬರ್ಸಾ ರೋಗ ಹೊತ್ಕೊಂಡು ಬಂದ ಒಂಟೇನ ಚೊಕ್ಕ ಅಂತ ಹೇಳಿ ನನ್ನ ಹಿಂಡಿಗೆ ಬಿಟ್ಟವರು ನೀವು."

"ನಾನು ಮೂಸಿ ನೋಡಿದ್ದೆ."

"ಅದನ್ನೇ ಕೇಳೋಕೆ ಬಂದಿದ್ದೀನಿ. ಏನು ಮೂಸಿದಿರಿ ಅಂತ."

ಒಲೆಯ ಪಕ್ಕದ ಗೋಡೆಗೆ ಒರಗಿ, ಮುಸುಕು ಎದೆಯ ತನಕ ಇಳಿಸಿಕೊಂಡು ನಿಂತಿದ್ದ ಪೂರಿಗೆ ತನ್ನ ಅಪ್ಪನ ದನಿ ಗುರುತೇ ಸಿಗಲಿಲ್ಲ. ಜೋಗರಾಮ ಅವಳ ಅಪ್ಪ. ವಗತಾರಾಮ ಅವಳ ಮಾವ. ಒಂದೇ ದಿನ, ಒಂದೇ ಚಪ್ಪರದಲ್ಲಿ ಅವಳು ಈ ಮನೆಗೆ ಬಂದಿದ್ದಳು, ಹಂಜಾ ಆ ಮನೆಗೆ ಹೋಗಿದ್ದಳು. ಹೆಣ್ಣು ಕೊಟ್ಟು ಹೆಣ್ಣು ತರುವ ಅದಲುಬದಲಿನ ಮದುವೆ. ಒಂದು ಮನೆಯ ಸೊಸೆ ತವರಿಗೆ ತಳ್ಳಿಸಿಕೊಂಡರೆ ಇನ್ನೊಂದು ಮನೆಯ ಸೊಸೆಯೂ ಗಂಟು ಕಟ್ಟಬೇಕು. ಯಾರು ತಪ್ಪು ಮಾಡಿದರು ಎಂದು ಯಾರೂ ಕೇಳುವುದಿಲ್ಲ. ಮಕ್ಕಳು ಮಾತ್ರ ಎಲ್ಲಿ ಹುಟ್ಟಿದವೋ ಅಲ್ಲೇ ಉಳಿಯುತ್ತವೆ.

ಅವಳ ಮಗಳು ಧಾಪು ಮಂಚದ ಕೆಳಗೆ ಕೂತು ಒಂಟೆಯ ಉಣ್ಣೆಯ ಉಂಡೆಯೊಂದನ್ನು ಬಿಚ್ಚುತ್ತಿದ್ದಳು. ಪೂರಿಯ ಕಣ್ಣು ಮುಸುಕಿನೊಳಗಿಂದ ಆ ಪುಟ್ಟ ಬೆರಳುಗಳ ಮೇಲೆಯೇ ಇತ್ತು.

ಜಗಳದ ಸುದ್ದಿ ಹಬ್ಬಿ ಅಂಗಳ ತುಂಬಿತು. ಪಂಚರ ಮುಖ್ಯಸ್ಥ ಗುಮನಾರಾಮ ಕೋಲೂರಿಕೊಂಡು ಬಂದ. ಅವನ ಬೆನ್ನಿಗೆ ಪಶುವೈದ್ಯ ವ್ಯಾಸ್ ಬಂದ. ವಾರದ ಹಿಂದೆ ಎರಡೂ ಹಿಂಡಿನ ಒಂಟೆಗಳ ಕುತ್ತಿಗೆಯಿಂದ ರಕ್ತ ತೆಗೆದಿದ್ದವನು ಅವನೇ. ಮರದ ಕೆಳಗೆ ಮೇಜು ಹಾಕಿ, ಗಾಜಿನ ಮೇಲೆ ರಕ್ತ ಸವರಿ, ಸೂಕ್ಷ್ಮದರ್ಶಕದಲ್ಲಿ ನೋಡಿದ್ದ. ಜೋಗರಾಮನ ಭೂರಿ ಎಂಬ ಹೆಣ್ಣೊಂಟೆಯ ರಕ್ತದಲ್ಲಿ ಮಾತ್ರ ಹುಳ ಕಂಡಿತ್ತು. ಲಾಖೀಣನ ರಕ್ತದಲ್ಲಿ ಏನೂ ಕಂಡಿರಲಿಲ್ಲ.

"ಗಾಜೂ ಅದನ್ನೇ ಹೇಳೈತೆ, ನನ್ನ ಮೂಗೂ ಅದನ್ನೇ ಹೇಳೈತೆ" ಎಂದ ವಗತಾರಾಮ. "ನಮ್ಮ ಬೀಗರಿಗೆ ಮಾತ್ರ ಬೇರೆ ಏನೋ ಕೇಳಿಸೈತೆ."

"ಗಾಜಿನಲ್ಲಿ ಕಾಣದೇ ಇರೋದೂ ಇರುತ್ತೆ" ಎಂದ ವ್ಯಾಸ್. "ಅದಕ್ಕೇ ಉಳಿದ ರಕ್ತಾನ ಬಿಕಾನೇರಿಗೆ ಕಳಿಸಿದ್ದೀನಿ. ಡಿಎನ್ಎ ಪರೀಕ್ಷೆ ಆಗಿ ಬರಲಿ. ಅಲ್ಲೀತನಕ..."

"ಅಲ್ಲೀತನಕ ನಾನು ಕಾಯಲ್ಲ" ಎಂದ ಜೋಗರಾಮ. ಹೆಗಲ ಚೀಲದಿಂದ ಮೂರು ಬಟ್ಟೆ ಗಂಟುಗಳನ್ನು ತೆಗೆದ. ಒದ್ದೆ ಗಂಟುಗಳು.

ಮಳೆಗಾಲದಲ್ಲಿ ಊರಿನ ಹಿಂಡುಗಳೆಲ್ಲ ಒಂದಾಗಿ ಗುಡ್ಡದ ಕಡೆ ಹೊರಡುತ್ತವೆ. ಹೊರಡುವ ಮುನ್ನ ಪ್ರತಿ ಒಂಟೆ ಉಚ್ಚೆ ಹೊಯ್ದ ಮರಳನ್ನು ಹಿಡಿಯಲ್ಲಿ ಅದುಮಿ ಮೂಸಬೇಕು. ತಿಬರ್ಸಾ ಇರುವ ಒಂಟೆಯ ಮರಳಿಗೆ ಹಳಸಿದ, ಸ್ವಲ್ಪ ಸಿಹಿಯಾದ ನಾತ. ಆ ಒಂಟೆಯನ್ನು ಹಿಂಡಿನಿಂದ ಬೇರೆ ಮಾಡುತ್ತಾರೆ. ಇಲ್ಲದಿದ್ದರೆ ಕಚ್ಚುವ ನೊಣಗಳು ಒಂದರ ರಕ್ತವನ್ನು ಇನ್ನೊಂದಕ್ಕೆ ಮುಟ್ಟಿಸಿ, ಮೂರು ವರ್ಷ ಹಿಂಡುವ ರೋಗವನ್ನು ಎಲ್ಲಕ್ಕೂ ಹಂಚುತ್ತವೆ. ಒಂಟೆ ಸಾಕುವ ರೈಕಾ ಕುಲದ ಮನೆಯಲ್ಲಿ ಹುಟ್ಟಿದ ಯಾರಿಗೂ ಆ ನಾತ ಗೊತ್ತು. ಆದರೆ ಎಳೆಯಷ್ಟಿದ್ದಾಗಲೇ ಹಿಡಿಯಬಲ್ಲ ಮೂಗು ಎಂದರೆ ವಗತಾರಾಮನದು, ಅವನಿಗಿಂತ ಮೊದಲು ಅವನ ಅಪ್ಪನದು. ಅವನು ಚೊಕ್ಕ ಎಂದರೆ ಚೊಕ್ಕ. ಆ ಮಾತಿನ ಮೇಲೆ ಈ ಸುತ್ತಿನಲ್ಲಿ ಹಿಂಡುಗಳು ಸೇರುತ್ತಿದ್ದವು, ಮದುವೆಗಳೂ ಕೂಡಿಬರುತ್ತಿದ್ದವು.

"ನನ್ನ ಮೂರು ಹೆಣ್ಣೊಂಟೆಗಳ ಕಾಲಡಿಯಿಂದ ಬೆಳಿಗ್ಗೆ ತಂದಿದ್ದು" ಎಂದ ಜೋಗರಾಮ. "ಒಂದು ಭೂರೀದು. ಯಾವುದು ಹೇಳಿ. ಹೇಳಿದರೆ ಹಂಜಾನ ಕರ್ಕೊಂಡು ಹೋಗ್ತೀನಿ, ಲಾಖೀಣನ ಸುದ್ದಿ ಎತ್ತಲ್ಲ. ತಪ್ಪಿದರೆ ನನ್ನ ಮಗಳು ನನ್ನ ಜೊತೆ ಬರ್ತಾಳೆ, ನಿಮ್ಮ ಗಂಡೊಂಟೆ ಊರು ಬಿಡ್ತಾನೆ."

ಪಂಚರು ತಲೆಯಾಡಿಸಿದರು. ಜಗಳದಲ್ಲಿರುವ ಬೀಗರು ಕೈಯಿಂದ ಕೈಗೆ ಏನನ್ನೂ ದಾಟಿಸುವಂತಿಲ್ಲ. ಮನೆಯ ಹೆಂಗಸು ತಟ್ಟೆಯಲ್ಲಿಟ್ಟು ಕೊಡಬೇಕು. ಗುಮನಾರಾಮ ಒಲೆಯ ಕಡೆಗೆ ಕೈ ಬೀಸಿದ. ಪೂರಿ ತಟ್ಟೆ ಹಿಡಿದು ಬಂದಳು.

ಮಾವನಿಗೆ ವಾಸನೆ ತಿಳಿಯುವುದಿಲ್ಲವೆಂದು ಗೊತ್ತಿದ್ದದ್ದು ಅವಳೊಬ್ಬಳಿಗೆ.

ಅತ್ತೆಯನ್ನು ಒಯ್ದ ಆ ಜ್ವರದಿಂದ ಮಾವ ಬದುಕಿ ಎದ್ದಾಗ ಅವನ ಮೂಗು ಎದ್ದಿರಲಿಲ್ಲ. ಸೀಮೆಎಣ್ಣೆ ಬಿದ್ದ ಹಾಲನ್ನು ಅವನು ಒಂದೇ ಗುಟುಕಿಗೆ ಕುಡಿದು ಲೋಟ ಕೆಳಗಿಟ್ಟ ದಿನ ಅವಳಿಗೆ ತಿಳಿಯಿತು. ಅವಳು ಏನೂ ಹೇಳಲಿಲ್ಲ. ಹೇಳುವ ಹಾಗೂ ಇರಲಿಲ್ಲ. ಸೊಸೆಯಾಗಿ ಬಂದಾಗಿನಿಂದ ಅವಳು ಮಾವನ ಜೊತೆ ಒಂದು ಮಾತೂ ಆಡಿರಲಿಲ್ಲ. ಹೇಳಬೇಕಾದದ್ದನ್ನು ಅತ್ತೆಯ ಮೂಲಕ, ಆಮೇಲೆ ಧಾಪುವಿನ ಮೂಲಕ ಹೇಳಿಸುತ್ತಿದ್ದಳು. ಮಗುವಿನ ಮೂಲಕ ಇದನ್ನು ಹೇಳಿಸಲಾಗದು. ಹಾಗಾಗಿ ಹಾಲು ಕೆಟ್ಟಿದ್ದರೆ, ಗಂಜಿ ಹುಳಿ ಮೀರಿದ್ದರೆ, ಇಡುವಾಗ ತೋಳಿನ ಬಿಳಿ ಬಳೆಗಳನ್ನು ತಟ್ಟೆಯ ಅಂಚಿಗೆ ತಾಕಿಸಿ ಸದ್ದು ಮಾಡುತ್ತಿದ್ದಳು. ಮೊದಲ ಸಲ ಅವನು ಕೈ ಅಲ್ಲೇ ನಿಲ್ಲಿಸಿ, ಅವಳ ಕಾಲಿನ ಕಡೆ ಬಹಳ ಹೊತ್ತು ನೋಡಿ, ಲೋಟವನ್ನು ಪಕ್ಕಕ್ಕೆ ಸರಿಸಿದ್ದ. ಅವತ್ತಿನಿಂದ ಅದೇ ನಡೆದುಬಂದಿತ್ತು. ಅದನ್ನು ಒಪ್ಪಂದ ಎನ್ನಲು ಇಬ್ಬರಲ್ಲಿ ಒಬ್ಬರಾದರೂ ಬಾಯಿ ಬಿಟ್ಟಿರಬೇಕಿತ್ತು.

ಹೋದ ಮಳೆಗಾಲದಲ್ಲಿ ಬಯಲಿನಲ್ಲಿ ಅವನು ಲಾಖೀಣನ ಮರಳು ಮೂಸಿದಾಗ ಅವಳು ಅಲ್ಲಿರಲಿಲ್ಲ. ಮೂಸಿ ಬಂದವನ ಮುಖವನ್ನು ಸಂಜೆ ಮುಸುಕಿನೊಳಗಿಂದ ನೋಡಿದ್ದಳು. ಏನನ್ನೂ ಕಾಣದೆ ಬಂದವನ ಮುಖ.

ಈಗ ಮೊದಲ ಗಂಟನ್ನು ತಟ್ಟೆಯಿಂದ ಎತ್ತಿ ಅವನ ಅಂಗೈಗಿಟ್ಟಳು. ಬೆಚ್ಚನೆಯ, ಉಪ್ಪುಪ್ಪಾದ, ಆರೋಗ್ಯದ ವಾಸನೆ. ಎರಡನೆಯದನ್ನು ಎತ್ತುತ್ತಿದ್ದ ಹಾಗೆಯೇ ಹಳಸು ನಾತ ಮುಸುಕನ್ನೂ ದಾಟಿ ಬಂತು. ಅವಳ ತೋಳು ತಟ್ಟೆಗೆ ತಾಕಿತು. ಬಳೆ ಸದ್ದಾಯಿತು. ಮೂರನೆಯದೂ ಒಳ್ಳೆಯದಿತ್ತು.

ವಗತಾರಾಮ ಮೂರನ್ನೂ ಮತ್ತೊಮ್ಮೆ ಮೂಸುವ ಹಾಗೆ ಮಾಡಿ, ಎರಡನೆಯದನ್ನು ಬೀಗನ ಕಾಲ ಬಳಿ ಎಸೆದ.

"ನಿಮ್ಮ ಭೂರಿ. ಮನೆಗೆ ಹೊತ್ಕೊಂಡು ಹೋಗಿ, ತಲೆದಿಂಬು ಮಾಡ್ಕೊಳ್ಳಿ."

ಅಂಗಳವೆಲ್ಲ ಕೇಕೆ ಹಾಕಿತು. ಗುಮನಾರಾಮ ನಗುತ್ತಾ ಕೋಲಿನಿಂದ ನೆಲ ಕುಟ್ಟಿದ. ಜೋಗರಾಮ ಮಾತ್ರ ಯಾರ ಮುಖವನ್ನೂ ನೋಡಲಿಲ್ಲ. ಅವನು ನೋಡುತ್ತಿದ್ದದ್ದು ಮಗಳ ತೋಳುಗಳನ್ನು. ಆಮೇಲೆ ಹಂಜಾಳಿಗೆ, "ಗಂಟು ಎತ್ಕೊ, ನಡಿ" ಎಂದ.

*

ಹದಿನೈದು ದಿನವಾದ ಮೇಲೆ ವ್ಯಾಸ್ ಮತ್ತೆ ಬಂದ. ಪಂಚರನ್ನು ಕರೆಸಿ, ಕೂರುವ ಮೊದಲೇ ಹೇಳಿದ: "ಲಾಖೀಣನಿಗೆ ರೋಗ ಇದೆ. ಜೋಗರಾಮನ ಹೆಣ್ಣೊಂಟೆ ಕಾಜಲಿಗೂ ಇದೆ. ಇನ್ನೂ ಕೆಲವಕ್ಕೆ ಇದೆ, ಹೆಸರು ಹೇಳ್ತೀನಿ. ಇವನ್ನ ಇವತ್ತೇ ಬೇರೆ ಕಟ್ಟಬೇಕು, ಇಂಜೆಕ್ಷನ್ ಕೊಡಬೇಕು."

ಒಳಗೆ ರೊಟ್ಟಿ ತಟ್ಟುತ್ತಿದ್ದ ಪೂರಿಯ ಕೈ ನಿಂತಿತು. ಕಾಜಲಿ. ಅವತ್ತಿನ ಮೊದಲ ಗಂಟು ಕಾಜಲಿಯದು ಎಂದು ಅಪ್ಪ ಹೋಗುವಾಗ ಯಾರಿಗೋ ಹೇಳಿದ್ದ.

"ಗಾಜಲ್ಲಿ ಲಾಖೀಣ ಚೊಕ್ಕ ಅಂದೋರು ನೀವೇ ಅಲ್ವಾ ಡಾಕ್ಟರೇ?" ಎಂದ ವಗತಾರಾಮ. "ಈಗ ರೋಗ ಅಂತೀರಿ. ನಾಳೆ ಗಬ್ಬ ಅಂತೀರಿ."

ಜನ ನಕ್ಕರು. ವ್ಯಾಸನ ಕಿವಿ ಕೆಂಪಾಯಿತು. ತಾಳ್ಮೆಯ ಮನುಷ್ಯನಲ್ಲ ಅವನು. ಈ ಊರಿಗೆ ಬರುವಾಗಲೇ ಹಲ್ಲು ಕಚ್ಚಿಕೊಂಡು ಬರುತ್ತಿದ್ದ.

"ಗಾಜಿನ ಮೇಲೆ ಒಂದು ಹನಿ ಇಡ್ತೀನಿ. ಆ ಹನೀಲಿ ಹುಳ ಇದ್ದರೆ ಕಾಣುತ್ತೆ. ಅದು ಕೆಲವು ದಿನ ರಕ್ತಕ್ಕೆ ಬರುತ್ತೆ, ಕೆಲವು ದಿನ ಕಣ್ಣಿಗೆ ಬೀಳದ ಹಾಗೆ ಅಡಗಿರುತ್ತೆ. ಡಿಎನ್ಎ ಪರೀಕ್ಷೇಲಿ ಹುಳಾನ ಹುಡುಕಲ್ಲ. ಆ ಹುಳದ ಒಂದು ಚೂರು ಗುರುತು ರಕ್ತದಲ್ಲಿ ಇದ್ದರೂ ಸಾಕು. ಅದನ್ನ ಒಂದಕ್ಕೆ ಎರಡು, ಎರಡಕ್ಕೆ ನಾಲ್ಕು ಅಂತ ಬೆಳೆಸ್ತಾ ಹೋಗ್ತಾರೆ, ಕಾಣೋವಷ್ಟು ಆಗೋತನಕ."

"ಓಹೋ" ಎಂದ ಗುಮನಾರಾಮ. "ಅಲ್ಲಪ್ಪ, ಅಷ್ಟು ಬೆಳೆಸೋರು ನಮ್ಮ ಒಂಟೇನೇ ಬೆಳೆಸಿಕೊಡಬಾರದೇನು? ಒಂದಕ್ಕೆ ಎರಡು, ಎರಡಕ್ಕೆ ನಾಲ್ಕು. ಇಲ್ಲದ ರೋಗಾನೂ ಬೆಳೆಸ್ತೀರೇನೋ!"

"ಇಲ್ಲದೇ ಇರೋದು ಬೆಳೆಯಲ್ಲ ಹಿರಿಯರೇ. ಸೊನ್ನೇನ ಎಷ್ಟು ಸಲ ದುಪ್ಪಟ್ಟು ಮಾಡಿದರೂ ಸೊನ್ನೇನೇ."

"ಆ ಬಿಕಾನೇರಿನ ಮಿಷನ್ನು ಲಾಖೀಣನ್ನ ಕಣ್ಣಲ್ಲಿ ಕಂಡೈತಾ?" ಎಂದ ವಗತಾರಾಮ. "ಅವನು ಹುಟ್ಟಿದಾಗ ಬಾಯಿಂದ ಲೋಳೆ ತೆಗೆದವನು ನಾನು. ನನ್ನ ಮೂಗಿಗೆ ಪರೀಕ್ಷೆ ಇಟ್ಟು ಸೋತವರು ಇನ್ನೂ ತಲೆ ಎತ್ತಿಲ್ಲ, ಅಷ್ಟರಲ್ಲಿ ನೀವು."

ಎಲ್ಲರೂ ಜೋಗರಾಮನ ಕಡೆ ತಿರುಗಿದರು. ಅವನು ಬೀಡಿಯ ಬೂದಿ ನೋಡುತ್ತಾ ಕೂತಿದ್ದ. ಪಂಚರ ಮುಂದೆ ಕೊಟ್ಟ ಮಾತಿತ್ತು. ಲಾಖೀಣನ ಸುದ್ದಿ ಎತ್ತುವ ಹಾಗಿರಲಿಲ್ಲ. ಅವನ ಕಾಜಲಿಗೂ ಆ ಮೂಗೇ ಚೊಕ್ಕ ಎಂದಿತ್ತು. ಪಂಚರು ಮೂಗಿನ ಪರವಾಗಿ ಹೇಳಿದರು.

"ಸರಿ ಹಾಗಾದ್ರೆ" ಎಂದು ವ್ಯಾಸ್ ಚೀಲ ಮುಚ್ಚಿದ. "ಸಾಯೋವಾಗ ಒಂದೊಂದನ್ನೇ ಮೂಸ್ತಾ ಕೂತಿರಿ. ನಾನ್ಯಾಕೆ ಪೆಟ್ರೋಲ್ ಸುಡಲಿ."

ಅಂದು ಹಿಟ್ಟಿನ ಮುಂದೆ ಕೂತ ಪೂರಿ ತನ್ನ ಬಳೆಗಳನ್ನು ನೋಡಿಕೊಂಡಳು. ಮಾವನ ಮೂಗಿಗೆ ಅವತ್ತು ಜೀವ ಕೊಟ್ಟದ್ದು ಇವು. ಇವತ್ತು ಡಾಕ್ಟರನನ್ನು ಊರಾಚೆ ತಳ್ಳಿದ್ದೂ ಇವೇ. ಆದರೂ ಅವಳು ತನಗೆ ತಾನೇ ಸಮಾಧಾನ ಹೇಳಿಕೊಂಡಳು: ಕಾಜಲಿಯ ಮರಳನ್ನು ಮೂಸಿದ್ದು ಮಾವನಲ್ಲ, ನಾನು. ನನ್ನ ಮೂಗು ಸತ್ತಿಲ್ಲ. ಅದರಲ್ಲಿ ಏನೂ ಇರಲಿಲ್ಲ. ಮಿಷನ್ನೇ ತಪ್ಪಿರಬೇಕು.

ಆ ಸಮಾಧಾನ ಹೆಚ್ಚು ದಿನ ಉಳಿಯಲಿಲ್ಲ. ಎರಡೂ ಹಿಂಡುಗಳು ನೀರು ಕುಡಿಯುವ ಕೆರೆಯ ಏರಿಯ ಮೇಲೆ ಕೊಡ ಹೊತ್ತು ಬರುತ್ತಿದ್ದಾಗ ಪೂರಿಗೆ ಹಂಜಾ ಒಬ್ಬಳೇ ಕೂತಿರುವುದು ಕಂಡಿತು. ಅವಳ ಮುಂದೆ ಕಾಜಲಿ ಕುತ್ತಿಗೆ ನೆಲಕ್ಕೆ ಚಾಚಿ ಮಲಗಿತ್ತು. ಹಿಂಗಾಲಿನ ಬಳಿ ಸತ್ತ ಮರಿ, ಉದ್ದ ಕಾಲುಗಳು ಮಡಚಿಕೊಂಡು, ಒದ್ದೆ ಬಟ್ಟೆಯ ಹಾಗೆ ಬಿದ್ದಿತ್ತು.

"ನೋಡಿದೆಯಾ ಅತ್ತಿಗೆ, ಚೊಕ್ಕ ಒಂಟೇನ" ಎಂದಳು ಹಂಜಾ. "ನಿಮ್ಮಪ್ಪ ಬೆಳಿಗ್ಗೆಯಿಂದ ನನ್ನ ಮುಖಕ್ಕೆ ಉಗುಳೋದೊಂದು ಬಾಕಿ. ನಮ್ಮಪ್ಪನ ಮೂಗಿಗೆ ನಾನು ಜವಾಬ್ದಾರಿ."

ಪೂರಿ ಕೊಡ ಇಳಿಸಿ ಕಾಜಲಿಯ ಹಿಂದಿನ ಮರಳನ್ನು ಹಿಡಿಯಲ್ಲಿ ಎತ್ತಿಕೊಂಡಳು. ಮೂಸಬೇಕಾಗಿಯೇ ಇರಲಿಲ್ಲ. ಈಗ ನಾತ ಗಾಳಿಯಲ್ಲೇ ಇತ್ತು. ಅವತ್ತು ಇರಲಿಲ್ಲ. ಅವತ್ತು ಅವಳ ಮೂಗಿಗೂ ಇರಲಿಲ್ಲ, ಗಾಜಿಗೂ ಇರಲಿಲ್ಲ, ಬಿಕಾನೇರಿಗೆ ಹೋದ ರಕ್ತದಲ್ಲಿ ಮಾತ್ರ ಇತ್ತು. ಹಾಗಾದರೆ ಲಾಖೀಣನಲ್ಲೂ ಇದೆ. ಡಾಕ್ಟರ್ ಹೆಸರು ಹೇಳಿದ ಎಲ್ಲದರಲ್ಲೂ ಇದೆ. ಅವು ಇದೇ ಕೆರೆಯಲ್ಲಿ, ಒಂದಕ್ಕೊಂದು ಮೈ ತಾಗಿಸಿಕೊಂಡು, ಒಂದೇ ನೊಣಗಳಿಗೆ ಬಾಲ ಬೀಸುತ್ತಾ ನೀರು ಕುಡಿಯುತ್ತಿದ್ದವು.

"ಮಾತಾಡು ಅತ್ತಿಗೆ. ಮುಸುಕು ನಮ್ಮಪ್ಪನ ಮುಂದೆ ಹಾಕ್ಕೊ, ನನ್ನ ಮುಂದೆ ಬೇಡ."

ಪೂರಿ ಹಿಡಿಯಲ್ಲಿದ್ದ ಮರಳನ್ನು ನೆಲಕ್ಕೆ ಸುರಿದಳು. ಹಂಜಾ ಅವಳ ಕಾಲ ಬಳಿ ಉಗುಳಿ ಎದ್ದು ಹೋದಳು.

*

ಜೋಗರಾಮ ಮತ್ತೆ ಪಂಚರ ಬಾಗಿಲು ತಟ್ಟಿದ. ಕಾಜಲಿ ಸತ್ತಿತ್ತು, ಮೂಗು ಒಂದು ಸಲ ತಪ್ಪಿದ್ದು ಊರಿಗೆಲ್ಲ ಗೊತ್ತಾಗಿತ್ತು. "ಆಮೇಲೆ ಹತ್ತಿರಬಹುದು" ಎಂದು ವಗತಾರಾಮ ಹೇಳಿದ್ದನ್ನು ಅರ್ಧ ಜನ ನಂಬಿದರು. ಇನ್ನೊಂದು ಸಲ ಪರೀಕ್ಷೆ ಆಗಲಿ, ಮೂಗು ಗೆದ್ದರೆ ಈ ಮಾತು ಇಲ್ಲಿಗೆ ಮುಗಿಯಬೇಕು, ಸೋತರೆ ಡಾಕ್ಟರ್ ಹೇಳಿದ ಒಂಟೆಗೆಲ್ಲ ಸೂಜಿ ಚುಚ್ಚಿಸಬೇಕು ಎಂದು ಗುಮನಾರಾಮ ತೀರ್ಮಾನ ಕೊಟ್ಟ.

ಹಿಂದಿನ ಸಂಜೆ ವಗತಾರಾಮ ಊಟಕ್ಕೆ ಕೂತವನು ರೊಟ್ಟಿ ಮುರಿಯಲಿಲ್ಲ. ಧಾಪುವನ್ನು ತೊಡೆಯ ಮೇಲೆ ಕೂರಿಸಿಕೊಂಡ. ಮುಖ ಗೋಡೆಯ ಕಡೆಗಿತ್ತು.

"ಧಾಪೂ, ನಿಮ್ಮವ್ವನಿಗೆ ಹೇಳು. ನಾಳೆ ತಟ್ಟೆ ಅವಳೇ ತರಬೇಕು."

"ಅವ್ವಾ, ನಾಳೆ ತಟ್ಟೆ ನೀನೇ ತರಬೇಕಂತೆ."

"ಬಳೆ ಎಲ್ಲಾ ಹಾಕ್ಕೊಂಡು ಬರಬೇಕು ಅಂತ ಹೇಳು."

ಮಗು ಅದನ್ನೂ ಹೇಳಿತು. ಒಲೆಯ ಬೆಂಕಿ ಚಿಟಿಗುಟ್ಟಿತು. ಇಷ್ಟು ದಿನ ಇಬ್ಬರ ನಡುವೆ ಹೆಸರಿಲ್ಲದೆ ಇದ್ದದ್ದಕ್ಕೆ ಅವನು ಮೊದಲ ಸಲ ಹೆಸರು ಕೊಟ್ಟಿದ್ದ. ಪೂರಿಗೆ ಕರುಣೆ ಬರಬೇಕಿತ್ತು. ಬರುವಷ್ಟರಲ್ಲಿ ಅವನು ಇನ್ನೊಂದು ಮಾತು ಸೇರಿಸಿದ.

"ನಾಳೆ ಈ ಮನೆ ಮರ್ಯಾದೆ ಹೋದರೆ, ಅವಳ ಗಂಟು ಅವಳಪ್ಪನ ಕೈಗೆ ಹಾಕ್ತೀನಿ. ನೀನು ನನ್ನ ಹತ್ರ ಇರ್ತೀಯ, ಅಲ್ವಾ ಧಾಪು?"

"ಹೂಂ ತಾತ" ಎಂದಿತು ಮಗು, ರೊಟ್ಟಿಯ ಕಡೆ ಕೈ ಚಾಚುತ್ತಾ.

ಪೂರಿಯ ಗಂಡ ಹಕಮಾ ಹೊರಗೆ ಒಂಟೆಯ ಹಗ್ಗ ಹೊಸೆಯುತ್ತಿದ್ದ. ಎಲ್ಲವನ್ನೂ ಕೇಳಿಸಿಕೊಂಡಿದ್ದ. ಮಲಗಲು ಬಂದಾಗ ಹೇಳಿದ್ದು ಇಷ್ಟೇ: "ಎಲ್ಲಾ ನಿಮ್ಮಪ್ಪನ ಕಿತಾಪತಿ." ಮಗ್ಗುಲು ತಿರುಗಿಸಿದ.

ಅವಳು ಕಣ್ಣು ಬಿಟ್ಟುಕೊಂಡೇ ಲೆಕ್ಕ ಹಾಕಿದಳು. ನಾಳೆ ನಾತದ ಗಂಟಿಗೆ ಬಳೆ ತಾಕಿಸಿದರೆ ಮಾವ ಗೆಲ್ಲುತ್ತಾನೆ, ತಾನು ಉಳಿಯುತ್ತೇನೆ, ಡಾಕ್ಟರ್ ಮತ್ತೆ ಬರುವುದಿಲ್ಲ, ಲಾಖೀಣ ಹಿಂಡಿನಲ್ಲೇ ಇರುತ್ತಾನೆ. ಮುಂದಿನ ಮಳೆಗಾಲದ ಹೊತ್ತಿಗೆ ಧಾಪುವಿಗೆ ಅವ್ವ ಇರುತ್ತಾಳೆ, ಒಂಟೆಗಳು ಇರುವುದಿಲ್ಲ. ತಾಕಿಸದಿದ್ದರೆ ಒಂಟೆಗಳು ಇರುತ್ತವೆ.

*

ಬೆಳಿಗ್ಗೆ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಪಂಚರ ಕರೆಗೆ ಬಂದಿದ್ದ ವ್ಯಾಸ್ ಗೋಡೆಗೆ ಒರಗಿ, ಬರಲೇಬಾರದಿತ್ತು ಎನ್ನುವ ಮುಖ ಮಾಡಿಕೊಂಡು ನಿಂತಿದ್ದ. ಜೋಗರಾಮ ಮೂರು ಗಂಟುಗಳನ್ನು ಕಟ್ಟೆಯ ಮೇಲೆ ಸಾಲಾಗಿಟ್ಟ.

"ಈ ಸಲ ಯಾವ ಒಂಟೇದು ಅಂತ ಹೇಳಲ್ಲ. ಏನು ವಾಸನೆ ಬರುತ್ತೋ ಅದನ್ನ ಬೀಗರೇ ಹೇಳಲಿ. ತಟ್ಟೆ ನನ್ನ ಮಗಳೇ ತರಲಿ. ಬಳೆ ಚೆನ್ನಾಗಿ ಹಾಕ್ಕೊಂಡಿದ್ದಾಳೆ."

ಅಂದರೆ ಅಪ್ಪನಿಗೆ ಗೊತ್ತಿದೆ. ಅಪ್ಪನ ಕಣ್ಣಿನಲ್ಲಿ ಮಗಳು ಇರಲಿಲ್ಲ. ಬೇರೆ ಹಿಂಡಿನ ಗುರುತು ಹಾಕಿಸಿಕೊಂಡ ಒಂಟೆಯನ್ನು ನೋಡುವ ನೋಟ ಅದು.

ಅವಳು ಗಂಟುಗಳನ್ನು ತಟ್ಟೆಗೆ ಹಾಕಿಕೊಂಡು ತಿರುಗಿದಳು. ನಾಲ್ಕು ಹೆಜ್ಜೆ ನಡೆಯುವಷ್ಟರಲ್ಲಿ ಅವಳಿಗೆ ತಿಳಿಯಿತು. ಉಪ್ಪಿಲ್ಲ, ಬಿಸುಪಿಲ್ಲ, ಹಳಸಿಲ್ಲ. ಮೊದಲ ಮಳೆಯ ನೆಲದ ಹಾಗೆ ತಣ್ಣಗೆ, ಬರೀ ಮರಳು, ಬರೀ ನೀರು. ಮೂರೂ ಅಷ್ಟೇ. ಯಾವ ಒಂಟೆಯ ಕಾಲಡಿಯದೂ ಅಲ್ಲ. ಅಪ್ಪ ಬಾವಿಯ ನೀರನ್ನು ಮರಳಿಗೆ ಹೊಯ್ದು ತಂದಿದ್ದ.

ಮೂಗಿದ್ದವನು ಯಾರೇ ಆದರೂ ಇದನ್ನು ಎತ್ತಿಕೊಂಡ ಕೂಡಲೇ ನಗಬೇಕು. ಬಳೆಯ ಸದ್ದಿಗೆ ಕೆಟ್ಟಿದೆ ಎಂದು ಹೇಳಲು ಬರುತ್ತಿತ್ತು. ಬಳೆ ಸುಮ್ಮನಿದ್ದರೆ ಒಳ್ಳೆಯದಿದೆ ಎಂದಾಗುತ್ತಿತ್ತು. ಇದು ನೀರು ಎಂದು ಹೇಳಲು ಅವರಿಬ್ಬರ ನಡುವೆ ಏನೂ ಇರಲಿಲ್ಲ, ಬಾಯೊಂದನ್ನು ಬಿಟ್ಟು. ಬಗ್ಗಿ ಇಡುವಾಗ ಮುಸುಕಿನೊಳಗಿಂದ ಒಂದೇ ಒಂದು ಮಾತು ಉಸುರಿದರೂ ಸಾಕಿತ್ತು. ಮಾವನಿಗೆ ಕೇಳಿಸುತ್ತಿತ್ತು. ಅವನು ಆ ಗಂಟನ್ನು ಬೀಗನ ಮುಖಕ್ಕೆ ಎಸೆದು ಗೆಲ್ಲುತ್ತಿದ್ದ.

ಮಂಚದ ಕೆಳಗಿನಿಂದ ಧಾಪು ತಲೆಯೆತ್ತಿ ಅವ್ವನ ಪಾದ ಮುಟ್ಟಿ ನಕ್ಕಳು.

ಪೂರಿ ಮೊದಲ ಗಂಟನ್ನು ಕೊಟ್ಟಳು. ತೋಳನ್ನು ಮೈಗೆ ಒತ್ತಿ ಹಿಡಿದಿದ್ದಳು. ಎರಡನೆಯದನ್ನು ಕೊಟ್ಟಳು. ಮೂರನೆಯದನ್ನು ಕೊಟ್ಟು ಎರಡು ಹೆಜ್ಜೆ ಹಿಂದೆ ಸರಿದು ನಿಂತಳು.

ವಗತಾರಾಮನ ಮೂಗಿನ ಹೊಳ್ಳೆಗಳು ಅರಳಿದವು, ಮುಚ್ಚಿದವು. ಅವನ ಕಿವಿ ಅವಳ ಕಡೆಗಿತ್ತು. ಬಹಳ ಹೊತ್ತು ಕಾದ. ಕೊನೆಗೆ ಅವನ ಹೆಗಲು ಸಡಿಲವಾಯಿತು, ಮುಖದಲ್ಲಿ ನೆಮ್ಮದಿಯೂ ಕಂಡಿತು. ಸದ್ದಿಲ್ಲ ಎಂದರೆ ಒಳ್ಳೆಯದು.

"ಮೂರೂ ಚೊಕ್ಕ" ಎಂದ. "ಮೂರೂ ಒಳ್ಳೆ, ಮೇವು ಚೆನ್ನಾಗಿ ತಿಂದ ಒಂಟೆಗಳು. ನಡುವಿನದು ಗಬ್ಬದ ಒಂಟೆ ಇರಬೇಕು, ವಾಸನೆ ಸ್ವಲ್ಪ ಗಾಢ."

ಆ ಕೊನೆಯ ಮಾತನ್ನು ಅವನು ಆಡಬೇಕಾಗಿರಲಿಲ್ಲ. ಪೂರಿ ಕಣ್ಣು ಮುಚ್ಚಿಕೊಂಡಳು.

"ಗುಮನಾರಾಮಣ್ಣ, ಒಂದನ್ನ ನೀವೂ ಮೂಸಿ" ಎಂದ ಜೋಗರಾಮ, ಮೆಲ್ಲಗೆ.

ಮುದುಕ ಮೂಸಿದ. ಹುಬ್ಬು ಗಂಟಿಕ್ಕಿ ಇನ್ನೊಂದನ್ನು ಮೂಸಿದ. ಪಕ್ಕದವನಿಗೆ ದಾಟಿಸಿದ. ಗಂಟುಗಳು ಕೈಯಿಂದ ಕೈಗೆ ಅಂಗಳವನ್ನು ಸುತ್ತಿದವು. ಯಾರೂ ಕೇಕೆ ಹಾಕಲಿಲ್ಲ.

"ಬಾವಿ ನೀರು, ಬೀಗರೇ" ಎಂದ ಜೋಗರಾಮ. "ನಿಮ್ಮ ಮನೆ ಮುಂದಿನ ಬಾವೀದೇ. ಬಾವಿಗೂ ಗಬ್ಬ ಕಟ್ಟಿಸಿದ ಮೂಗು ಇದೊಂದೇ."

ವಗತಾರಾಮ ಯಾರನ್ನೂ ನೋಡಲಿಲ್ಲ. ಅಂಗೈಯಲ್ಲಿ ಅಂಟಿದ್ದ ಒದ್ದೆ ಮರಳನ್ನು ಬೆರಳಿನಿಂದ ಉಜ್ಜುತ್ತಾ ಕೂತ. ಹಕಮಾ ಅಪ್ಪನ ಮುಂದೆ ಬಂದು, "ಅಪ್ಪಾ, ಎಂದಿನಿಂದ?" ಎಂದ. ವ್ಯಾಸ್ ಗೋಡೆ ಬಿಟ್ಟು ಮುಂದೆ ಬಂದ. ಗೆದ್ದವನ ಮುಖವಿರಲಿಲ್ಲ, ಇನ್ನಷ್ಟು ಸಿಟ್ಟಾಗಿದ್ದ.

"ನಿಮ್ಮ ತಮಾಷೆ ಮುಗೀತಾ? ಇದನ್ನ ಮೊದಲೇ ಮಾಡಿದ್ದರೆ ಕಾಜಲಿ ಉಳೀತಿತ್ತು. ಹಗ್ಗ ತಗೊಂಡು ಬನ್ನಿ. ಲಾಖೀಣನ್ನ ಮೊದಲು ಕೂರಿಸಿ."

"ಡಾಕ್ಟರೇ, ಒಂದು ಹೇಳಿ" ಎಂದ ಜೋಗರಾಮ. "ರೋಗ ಲಾಖೀಣನಿಂದಲೇ ನನ್ನ ಹಿಂಡಿಗೆ ಬಂದದ್ದು ಅಂತ ಬಿಕಾನೇರಿನೋರು ಹೇಳಿದ್ದಾರಲ್ಲ?"

"ಯಾರಿಗೆ ಇದೆ ಅಂತ ಹೇಳಿದ್ದಾರೆ. ಯಾರಿಂದ ಬಂತು ಅಂತ ಈ ಪರೀಕ್ಷೆ ಹೇಳಲ್ಲ. ನಿಮ್ಮದರಿಂದ ಅವನಿಗೂ ಬಂದಿರಬಹುದು."

ಗೆಲುವಿನ ಅರ್ಧ ಕೈ ತಪ್ಪಿದ ಸಿಟ್ಟನ್ನು ಜೋಗರಾಮ ಮಗಳ ಕಡೆ ತಿರುಗಿಸಿದ. "ನಡಿ, ಗಂಟು ಕಟ್ಟು. ಕಳ್ಳ ಮೂಗಿಗೆ ಬಳೆ ಆಡಿಸಿಕೊಂಡು ಇದ್ದದ್ದು ಸಾಕು."

"ಕರ್ಕೊಂಡು ಹೋಗಿ" ಎಂದ ವಗತಾರಾಮ, ಮೊದಲ ಸಲ ಬೀಗನ ಮಾತಿಗೆ ಒಪ್ಪಿ. "ಮಗು ಇಲ್ಲೇ ಇರುತ್ತೆ."

ಪೂರಿ ತಟ್ಟೆಯನ್ನು ನೆಲಕ್ಕಿಟ್ಟಳು. ಧಾಪುವನ್ನು ಎತ್ತಿ ಸೊಂಟಕ್ಕೆ ಹಾಕಿಕೊಂಡಳು. ಇಬ್ಬರ ನಡುವಿನಿಂದಲೇ ನಡೆದು ಒಲೆಯ ಮುಂದೆ ಹೋಗಿ ಕೂತು, ಆರಿದ ಬೆಂಕಿಗೆ ಬಾಯಿ ಹಾಕಿ ಊದಿದಳು. ಅಷ್ಟೊಂದು ಜನರ ಮುಂದೆ ಅವಳ ತೋಳು ಹಿಡಿದು ಎಬ್ಬಿಸುವ ಧೈರ್ಯ ಇಬ್ಬರಿಗೂ ಬರಲಿಲ್ಲ. ಹೊರಗೆ ಲಾಖೀಣ ಸೂಜಿಗೆ ಅರಚಿದ. ಜನ ಆ ಕಡೆ ಓಡಿದರು. ಜೋಗರಾಮನೂ ಕೊನೆಗೆ ಹೋದ, ತನ್ನ ಒಂಟೆಗಳಿಗೂ ಚುಚ್ಚಿಸಬೇಕಿತ್ತು.

ಸಂಜೆ ಅವಳು ಮಾವನ ಮುಂದೆ ಹಾಲಿನ ಲೋಟ ಇಟ್ಟಳು. ಹಾಲು ಚೆನ್ನಾಗಿತ್ತು, ಬಳೆ ಸದ್ದಾಗಲಿಲ್ಲ. ಅವನು ಲೋಟದ ಕಡೆ ಕೈ ಚಾಚಿ, ನಿಲ್ಲಿಸಿದ. ಬೆಳಿಗ್ಗೆಯೂ ಸದ್ದಾಗಿರಲಿಲ್ಲ. ಕೈ ಹಿಂದಕ್ಕೆ ಹೋಯಿತು. ಲೋಟದ ಮೇಲೆ ಕೆನೆ ಕಟ್ಟಿತು. ಹಸಿದಿದ್ದ, ಬೆಳಿಗ್ಗೆಯಿಂದ ಏನೂ ಮುಟ್ಟಿರಲಿಲ್ಲ.

ಧಾಪು ನಿದ್ದೆ ಹೋಗಿದ್ದಳು. ಮಾತು ದಾಟಿಸಲು ಯಾರೂ ಇರಲಿಲ್ಲ.

"ನಿನಗೆ ಗೊತ್ತಿತ್ತು" ಎಂದ ವಗತಾರಾಮ, ಗೋಡೆಗಲ್ಲ, ಅವಳಿಗೆ. "ನೀರು ಅಂತ."

"ಹೂಂ" ಎಂದಳು ಪೂರಿ.

ತನ್ನ ದನಿ ಆ ಮನೆಯಲ್ಲಿ ಹೇಗೆ ಕೇಳಿಸುತ್ತದೆ ಎಂದು ಅವಳಿಗೇ ಗೊತ್ತಿರಲಿಲ್ಲ. ಅವನು ಬೆಚ್ಚಿ ಅವಳ ಕಡೆ ನೋಡಿದ. ಅವಳು ಕೈ ಚಾಚಿ ಲೋಟ ಎತ್ತಿಕೊಂಡಳು. ಮುಸುಕನ್ನು ತುಟಿಯ ತನಕ ಎತ್ತಿ, ಅವನ ಎದುರೇ ಒಂದು ಗುಟುಕು ಕುಡಿದಳು. ಲೋಟವನ್ನು ಮತ್ತೆ ಅದೇ ಜಾಗದಲ್ಲಿಟ್ಟಳು.

"ಚೆನ್ನಾಗೈತೆ. ಕುಡೀರಿ."

ಅವನು ಲೋಟವನ್ನು ದಿಟ್ಟಿಸುತ್ತಾ ಕೂತ. ಅವಳನ್ನು ಕಳಿಸಿದರೆ ನಾಳೆ ಇದನ್ನು ಯಾರು ಹೇಳುತ್ತಾರೆ ಎಂದು ಅವನು ಯೋಚಿಸುತ್ತಿರುವುದು ಅವಳಿಗೆ ಗೊತ್ತಾಯಿತು. ಅವಳಿಗೆ ಅದು ಗೊತ್ತಾಗಿದೆ ಎಂದು ಅವನಿಗೂ ಗೊತ್ತಾಯಿತು. ಅದಕ್ಕಾಗಿ ಅವನು ಅವಳನ್ನು ಬದುಕಿರುವ ತನಕ ಕ್ಷಮಿಸುವುದಿಲ್ಲ. ಅವಳೂ ಕ್ಷಮೆ ಕೇಳಲು ಕೂತಿರಲಿಲ್ಲ.

ಅವನು ಕುಡಿದ. ಖಾಲಿ ಲೋಟವನ್ನು ಅವಳ ಕಡೆ ತಳ್ಳಿದ. ನೆಲದ ಮೇಲೆ ಅದು ಉರುಳಿಕೊಂಡು ಹೋಗಿ ಅವಳ ಕಾಲಿಗೆ ತಾಗಿ ನಿಂತಿತು.